ಮಳೆಗಾಲದ ಕೊಂಕಣ ರೈಲು

ಗೋವಾ–ಮುಂಬಯಿ ನಡುವೆ ವ್ಯಾಪಾರಕ್ಕಾಗಿ ಓಡಾಡುವ ನಮಗೆ ಕೊಂಕಣ ರೈಲುಮಾರ್ಗ ಚಿರಪರಿಚಿತ. ಬೇಸಿಗೆಯಲ್ಲಿ ಭರದಿಂದ ಓಡುವ ಗಾಡಿ ಮಳೆಗಾಲದಲ್ಲಿ ನಿಧಾನ, ವೇಳಾಪಟ್ಟಿಯೂ ಬೇರೆ. ಇದಕ್ಕೆ ಕಾರಣವಿದೆ. ಗುಡ್ಡ ಕಡಿದು ಮಾಡಿದ ದಾರಿಯಲ್ಲಿ ಹಳಿ ಗಟ್ಟಿಯಿದ್ದರೆ ಸಾಲದು, ಪಕ್ಕದ ಮಣ್ಣೂ ನಿಲ್ಲಬೇಕು. 2003ರ ಜೂನ್ 22ರಂದು ವೈಭವವಾಡಿಯ ಬಳಿ ಗುಡ್ಡ ಜರಿದು, ಗಾಡಿ ಹಳಿ ತಪ್ಪಿ ಐವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಮರುವರ್ಷ ಜೂನ್‌ನಲ್ಲಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹಳಿಯ ಮೇಲಿನ ಬಂಡೆಗಳಿಗೆ ಬಡಿದು ಸೇತುವೆಯಿಂದ ಬಿತ್ತು.

ಈಗ ಮಳೆಗಾಲದಲ್ಲಿ ಅಪಾಯದ ಜಾಗಗಳಲ್ಲಿ ಹಗಲಿರುಳು ಗಸ್ತು. ಜಡಿಮಳೆಯಲ್ಲಿ ಮುಂದಿನ ದಾರಿ ಕಾಣದಾದರೆ ಗಂಟೆಗೆ 40 ಕಿ.ಮೀ. ಮೀರಬಾರದೆಂದು ಚಾಲಕರಿಗೆ ಅಪ್ಪಣೆ. ವೇಗ ಕಡಿಮೆಯಿದ್ದಷ್ಟೂ ಗಾಡಿ ಬೇಗ ನಿಲ್ಲುತ್ತದೆ.

ಮಳೆಗಾಲದಲ್ಲಿ ಹೊರಡುವ ಬಂಧುಗಳು ಒಂದೆರಡು ತಾಸು ಹೆಚ್ಚಿಗೆ ಇಟ್ಟುಕೊಂಡೇ ಹೊರಡಬೇಕು. ತಡವಾದ ಗಾಡಿಯನ್ನು ಬೈಯುವ ಮುನ್ನ, ಮಳೆಯಲ್ಲಿ ನೆನೆಯುತ್ತ ಹಳಿ ಕಾಯುವವರನ್ನು ನೆನೆಯೋಣ.