ಹೆಸರಿನ ನಡುವೆ ಒಂದು ಗೀಟು

ವೆಬ್‌ಸೈಟಿನ ವಿಳಾಸ ಬರಹದಲ್ಲಿ ಹುಟ್ಟಿದರೂ ಬದುಕುವುದು ಬಾಯಲ್ಲಿ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಹೇಳುತ್ತಾರೆ, ಬಸ್ಸಿನಲ್ಲಿ ಜೊತೆಗೆ ಕೂತವರು ಹೇಳುತ್ತಾರೆ, ರೇಡಿಯೋದಲ್ಲಿ ಕಾರ್ಯಕ್ರಮ ಮುಗಿಯುವಾಗ ಒಂದು ಸಲ ಹೇಳಿಬಿಡುತ್ತಾರೆ. ನಾವು ಮನೆಗೆ ಹೋಗಿ ನೆನಪಿನಿಂದ ಟೈಪ್ ಮಾಡುತ್ತೇವೆ. ಹೀಗೆ ಕಿವಿಯಿಂದ ಬಂದ ಹೆಸರಿನಲ್ಲಿ ಅಕ್ಷರಗಳಿಗೆಲ್ಲ ಸದ್ದಿದೆ, ಹೈಫನ್ನಿಗೆ ಮಾತ್ರ ಇಲ್ಲ. ಹೇಳುವವರು ಅರ್ಧದಲ್ಲಿ ನಿಂತು 'ನಡುವೆ ಒಂದು ಡ್ಯಾಶ್ ಇದೆ' ಎನ್ನಬೇಕು. ಕೇಳಿದವರು 'ಕೆಳಗಡೆ ಬರುತ್ತಲ್ಲ, ಅದಾ?' ಎಂದು ಅಂಡರ್‌ಸ್ಕೋರನ್ನು ಎಳೆದು ತರುತ್ತಾರೆ. ಕೀಲಿಮಣೆಯಲ್ಲಿ ಅವೆರಡೂ ಸೊನ್ನೆಯ ಪಕ್ಕದ ಒಂದೇ ಕೀಲಿಯಲ್ಲಿರುವುದರಿಂದ ಈ ಗೊಂದಲಕ್ಕೆ ಯಾರನ್ನೂ ದೂರುವಂತಿಲ್ಲ. ಮೊಬೈಲಿನಲ್ಲಾದರೆ ಆ ಒಂದು ಗೀಟಿಗಾಗಿ ಅಕ್ಷರಗಳನ್ನು ಬಿಟ್ಟು ಅಂಕಿಗಳ ಪುಟಕ್ಕೆ ಹೋಗಿ ಬರಬೇಕು.

ಮಂಡ್ಯದ ಕಡೆ ನಮ್ಮ ಭಾವ ಆಲೆಮನೆ ನಡೆಸುತ್ತಾರೆ. ಬಣ್ಣ ಬರಲೆಂದು ಏನನ್ನೂ ಬೆರೆಸದೆ ಮಾಡುವ ಅಚ್ಚು ಬೆಲ್ಲ ಅವರದು, ನೋಡಲು ತುಸು ಕಪ್ಪು. ಬೆಂಗಳೂರಿನ ಮನೆಗಳಿಂದ ಫೋನಿನಲ್ಲೇ ಆರ್ಡರ್ ಬರುತ್ತಿತ್ತು. ಅದು ಹೆಚ್ಚಾದ ಮೇಲೆ ಒಂದು ವೆಬ್‌ಸೈಟ್ ಬೇಕೆನ್ನಿಸಿ ನನ್ನನ್ನು ಕರೆದರು. ಅವರ ಮನಸ್ಸಿನಲ್ಲಿದ್ದದ್ದು ಊರಿನ ಹೆಸರಿಗೆ ಬೆಲ್ಲ ಸೇರಿಸಿದ ಹೆಸರು. ಅದನ್ನು ಆಗಲೇ ಇನ್ನಾರೋ ಕೊಂಡಿದ್ದರು. ಹೆಸರು ಮಾರುವ ಪುಟ ಕೂಡಲೇ ಇನ್ನೊಂದು ದಾರಿ ತೋರಿಸಿತು: ಅದೇ ಹೆಸರು, ಊರಿಗೂ ಬೆಲ್ಲಕ್ಕೂ ನಡುವೆ ಒಂದು ಹೈಫನ್, ವರ್ಷಕ್ಕೆ ಕೆಲವು ನೂರು ರೂಪಾಯಿ.

"ಒಂದ್ ಗೀಟ್ ತಾನೆ, ಹಾಕ್ಬುಡು ಅತ್ಲಾಗೆ" ಎಂದರು ಭಾವ.

"ಬೇಡ ಭಾವ" ಎಂದೆ. "ನೀವು ಹತ್ತು ಜನಕ್ಕೆ ಹೇಳಿದರೆ ಅದರಲ್ಲಿ ಅರ್ಧ ಜನ ಗೀಟು ಮರೆತು ಇನ್ನೊಬ್ಬರ ಅಂಗಡಿಗೆ ಹೋಗುತ್ತಾರೆ. ಅವರೂ ಬೆಲ್ಲ ಮಾರುತ್ತಿದ್ದರೆ ಅಲ್ಲೇ ಕೊಳ್ಳುತ್ತಾರೆ."

ಗಿರಾಕಿ ದಾರಿ ತಪ್ಪುವುದು ಕಣ್ಣಿಗೆ ಕಾಣುವ ನಷ್ಟ. ನನಗೆ ಅದಕ್ಕಿಂತ ಹೆದರಿಕೆ ಇಮೇಲಿನದು. ವೆಬ್‌ಸೈಟಿನ ಹೆಸರಿನಲ್ಲೇ ಇಮೇಲ್ ವಿಳಾಸವನ್ನೂ ಮಾಡಿಕೊಳ್ಳುತ್ತೇವೆ. ಗೀಟು ಬಿಟ್ಟು ಬರೆದ ಪತ್ರ ಎಷ್ಟೋ ಸಲ ಹಿಂದಿರುಗುವುದೂ ಇಲ್ಲ, ಆ ಇನ್ನೊಂದು ಹೆಸರಿನ ಒಡೆಯರ ಪೆಟ್ಟಿಗೆಗೆ ಹೋಗಿ ಬೀಳುತ್ತದೆ. ಗಿರಾಕಿಯ ಮನೆ ವಿಳಾಸ, ಬಿಲ್ಲು, ಬ್ಯಾಂಕಿನ ಕಾಗದ, ಎಲ್ಲವೂ ಅಪರಿಚಿತರ ಕೈಯಲ್ಲಿ. ಕಳಿಸಿದವರಿಗೂ ಗೊತ್ತಾಗದು, ಕಾಯುವವರಿಗೂ ಗೊತ್ತಾಗದು.

ಕಾನೂನಿನ ಕಣ್ಣಿಗೂ ಹೈಫನ್ ಕಾಣುವುದಿಲ್ಲ. ಡೊಮೈನ್ ಹೆಸರುಗಳ ವ್ಯಾಜ್ಯ ತೀರಿಸಲು ಐಕ್ಯಾನ್ ಸಂಸ್ಥೆಯ ನೀತಿಯೊಂದು 1999ರಿಂದ ಜಾರಿಯಲ್ಲಿದೆ. ಅದರಡಿ ತೀರ್ಪು ಕೊಡುವವರು, ಒಬ್ಬರ ಟ್ರೇಡ್‌ಮಾರ್ಕಿಗೆ ಗೀಟು ಸೇರಿಸಿದ ಮಾತ್ರಕ್ಕೆ ಅದು ಬೇರೆ ಹೆಸರಾಯಿತೆಂದು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹೆಸರು ಬೇರೆಯವರದಾದರೆ ಹೆಸರನ್ನೇ ಬದಲಿಸಬೇಕು, ಅದರ ಪಕ್ಕದಲ್ಲಿ ಒರಗಿ ನಿಲ್ಲಬಾರದು. ಭಾವನ ಕಡೆ ಪ್ರತಿ ಗದ್ದೆಗೂ ಮನೆಯವರಷ್ಟೇ ಕರೆಯುವ ಒಂದು ಹೆಸರಿರುತ್ತದೆ. ಕಬ್ಬು ಬೆಳೆಯುವ ದೊಡ್ಡ ಗದ್ದೆಯ ಹೆಸರನ್ನೇ ಇಟ್ಟೆವು. ಅದನ್ನು ಯಾರೂ ಕೊಂಡಿರಲಿಲ್ಲ.

ಇಷ್ಟಾದರೂ ಒಂದು ಪ್ರಶ್ನೆ ನನ್ನಲ್ಲಿ ಉಳಿದಿತ್ತು. ಅಲ್ಪವಿರಾಮಕ್ಕೆ, ಆವರಣಕ್ಕೆ, ಅಪಾಸ್ಟ್ರಫಿಗೆ, ಕಡೆಗೆ ಖಾಲಿ ಜಾಗಕ್ಕೂ ಸಿಗದ ಪ್ರವೇಶ ಹೈಫನ್ನಿಗೆ ಹೇಗೆ ಸಿಕ್ಕಿತು? ಅದರ ಕತೆ ವೆಬ್ಬಿಗಿಂತ ಹಳೆಯದು. ಎಪ್ಪತ್ತರ ದಶಕದಲ್ಲಿ ಅಮೆರಿಕದ ಅರ್ಪಾನೆಟ್ ಜಾಲದಲ್ಲಿದ್ದ ಕಂಪ್ಯೂಟರುಗಳ ಹೆಸರೆಲ್ಲ ಒಂದೇ ಪಟ್ಟಿಯಲ್ಲಿರುತ್ತಿದ್ದವು. ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಎಲಿಜಬೆತ್ ಫೈನ್ಲರ್ ಮತ್ತು ಅವರ ತಂಡ ಆ ಪಟ್ಟಿಯನ್ನು ಕಾಪಾಡುತ್ತಿತ್ತು. ಹೊಸ ಕಂಪ್ಯೂಟರ್ ಬಂದರೆ ಅವರಿಗೆ ತಿಳಿಸಿ ಹೆಸರು ಸೇರಿಸಿಕೊಳ್ಳಬೇಕು. ಒಂದೇ ಸಂಸ್ಥೆಯಲ್ಲಿ ಹಲವು ಯಂತ್ರಗಳಿದ್ದಾಗ ಹೆಸರುಗಳು ಎಂಐಟಿ-ಎಐ, ಎಸ್‌ಆರ್‌ಐ-ಎನ್‌ಐಸಿ ಎಂದಾದವು. ಮೊದಲು ಮನೆತನ, ನಡುವೆ ಗೀಟು, ಆಮೇಲೆ ಯಂತ್ರ. ಯಾವುದು ಯಾರ ಮನೆಯದು ಎಂದು ಹೇಳುವ ಕೆಲಸ ಆಗ ಹೈಫನ್ನಿನದಾಗಿತ್ತು.

ಯಂತ್ರಗಳು ಹೆಚ್ಚಿದಂತೆ ಒಂದೇ ಪಟ್ಟಿ ಸಾಲದಾಯಿತು. 1983ರಲ್ಲಿ ಪಾಲ್ ಮಾಕಪೆಟ್ರಿಸ್ ಇವತ್ತಿಗೂ ನಾವು ಬಳಸುವ ಡೊಮೈನ್ ಹೆಸರಿನ ವ್ಯವಸ್ಥೆಯನ್ನು ರೂಪಿಸಿದರು. ಅದರಲ್ಲಿ ಮನೆತನ ಹೇಳುವ ಕೆಲಸ ಚುಕ್ಕಿಗೆ ಹೋಯಿತು. ಎಂಐಟಿ-ಎಐ ಎಂಬಂಥ ಹೆಸರುಗಳು ಎಐ ಡಾಟ್ ಎಂಐಟಿ ಡಾಟ್ ಇಡಿಯು ಎಂಬ ಬಗೆಯವಾದವು. ಹೈಫನ್ನಿನ ಕೆಲಸ ಹೋದರೂ ಜಾಗ ಹೋಗಲಿಲ್ಲ. 1985ರ ನಿಯಮಪತ್ರ ಹೆಸರಿನಲ್ಲಿ ಅಕ್ಷರ, ಅಂಕಿ ಮತ್ತು ಹೈಫನ್ ಇರಬಹುದೆಂದಿತು. ಹೈಫನ್ ಕೊನೆಯಲ್ಲಿರಬಾರದು, ಹೆಸರು ಅಕ್ಷರದಿಂದಲೇ ಶುರುವಾಗಬೇಕು. (ಆ ಪತ್ರ ಅದನ್ನು ಕರೆದದ್ದು ಮೈನಸ್ ಚಿಹ್ನೆ ಎಂದೇ. ನಮ್ಮಲ್ಲಿ ಮೈನಸ್ ಎನ್ನುವವರನ್ನು ತಿದ್ದಲು ಹೋಗಬೇಡಿ.) ಹೆಸರನ್ನು ಅಂಕಿಯಿಂದ ಶುರು ಮಾಡಲು 1989ರಲ್ಲಿ ಅನುಮತಿ ಬಂತು. ಹೈಫನ್ ಇವತ್ತಿಗೂ ತುದಿಗಳಲ್ಲಿ ನಿಲ್ಲುವಂತಿಲ್ಲ. ಚುಕ್ಕಿಗಳ ನಡುವಿನ ಒಂದೊಂದು ತುಂಡೂ 63 ಅಕ್ಷರ ಮೀರುವಂತಿಲ್ಲ.

ಈ ಹಳೆಯ ಕತೆಗೆ ಇವತ್ತು ನಮ್ಮ ಅಪ್ಪ ಅಮ್ಮಂದಿರ ಪೆನ್ಷನ್ ಖಾತೆಯ ನಂಟಿದೆ ಎಂದು ನನಗನ್ನಿಸುತ್ತದೆ. ಚುಕ್ಕಿ ಇಬ್ಬರ ಗದ್ದೆಗಳ ನಡುವಿನ ಬದು, ಹೈಫನ್ ಒಬ್ಬರದೇ ಗದ್ದೆಯೊಳಗಿನ ಸಾಲು. ಯಂತ್ರಕ್ಕೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ನಮ್ಮ ಕಣ್ಣಿಗೆ ಗೊತ್ತಿಲ್ಲ. ಮೊಬೈಲಿಗೆ ಒಂದು ಸಂದೇಶ ಬರುತ್ತದೆ, 'ನಿಮ್ಮ ಖಾತೆ ಇಂದು ನಿಂತುಹೋಗುತ್ತದೆ, ಕೆವೈಸಿ ಮಾಡಿಸಿ' ಎಂದು. ಕೆಳಗಿನ ಕೊಂಡಿಯಲ್ಲಿ ಬ್ಯಾಂಕಿನ ಹೆಸರು, ಗೀಟು, ಕೆವೈಸಿ, ಗೀಟು, ಅಪ್‌ಡೇಟ್, ಕೊನೆಗೆ ಡಾಟ್ ಕಾಮ್. ಓದಿದವರಿಗೆ ಅದು ಬ್ಯಾಂಕಿನದೇ ಒಂದು ವಿಭಾಗದ ಹಾಗೆ ಕಾಣುತ್ತದೆ, ಹಿಂದೆ ಎಂಐಟಿ-ಎಐ ಎಂಐಟಿಯದೇ ಯಂತ್ರವಾಗಿದ್ದ ಹಾಗೆ. ಆದರೆ ಗೀಟುಗಳಿಂದ ಪೋಣಿಸಿದ ಆ ಇಡೀ ಸರ ಒಂದೇ ಹೆಸರು. ಕೆಲವು ನೂರು ರೂಪಾಯಿ ಕೊಟ್ಟವರು ಯಾರು ಬೇಕಾದರೂ ಅದರ ಒಡೆಯರಾಗಬಹುದು.

ಇದನ್ನು ತಡೆಯಲು 2025ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕ್ ಒಂದು ಒಳ್ಳೆಯ ಹೆಜ್ಜೆ ಇಟ್ಟಿತು. ಭಾರತದ ಬ್ಯಾಂಕುಗಳಿಗೆಂದೇ ಡಾಟ್ ಬ್ಯಾಂಕ್ ಡಾಟ್ ಇನ್ ಎಂಬ ಪ್ರತ್ಯೇಕ ಜಾಗ ಮಾಡಿ, ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಅಲ್ಲಿಗೆ ಬರಬೇಕೆಂದು ಆಮೇಲೆ ಗಡುವು ಕೊಟ್ಟಿತು. ಹೆಸರು ಕೊಡುವ ಹೊಣೆ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಯದು. ಬ್ಯಾಂಕ್ ಅಲ್ಲದವರಿಗೆ ಅಲ್ಲಿ ಹೆಸರು ಸಿಗದು. ಈಗ ಒಂದು ಸಣ್ಣ ಬದಲಾವಣೆ ಮಾಡಿ ನೋಡಿ. ಹೆಸರಿಗೂ 'ಬ್ಯಾಂಕ್' ಎಂಬುದಕ್ಕೂ ನಡುವಿನ ಚುಕ್ಕಿ ತೆಗೆದು ಅಲ್ಲಿ ಗೀಟು ಹಾಕಿ. ಅದು ಬೇರೆಯೇ ಲೋಕ. ಅದು ಡಾಟ್ ಇನ್ ಅಡಿಯ ಮಾಮೂಲಿ ಹೆಸರು, ಬೆಲ್ಲದ ಅಂಗಡಿಯ ಹೆಸರಿನಷ್ಟೇ ಸಲೀಸಾಗಿ ಕೊಳ್ಳಬಹುದಾದದ್ದು. ಹಿರಿಯರಿಗೆ ಮೊಬೈಲ್ ಕಲಿಸುವವರೆಲ್ಲ ದಯವಿಟ್ಟು ಇದೊಂದನ್ನು ಕಲಿಸಿ: ವಿಳಾಸದಲ್ಲಿ ಮೊದಲ ಒಂಟಿ ಓರೆಗೆರೆಗೆ ಮುಂಚಿನ ಭಾಗವನ್ನು ಬಲಗಡೆಯಿಂದ ಓದಿ, ಚುಕ್ಕಿಗಳನ್ನು ಮಾತ್ರ ನಂಬಿ, ಗೀಟುಗಳನ್ನು ನಂಬಬೇಡಿ.

ನಿಜವಾದ ವ್ಯಾಪಾರಸ್ಥರು ಹೈಫನ್ನಿಂದ ದೂರವಿರಲಿ ಎಂದು ನಾನು ಹಟ ಹಿಡಿಯುವುದಕ್ಕೆ ಇದೇ ದೊಡ್ಡ ಕಾರಣ. ಒಂದು ಕಾಲದಲ್ಲಿ, ಹುಡುಕುವ ಪದಗಳನ್ನೆಲ್ಲ ಗೀಟು ಹಾಕಿ ಪೋಣಿಸಿ ಹೆಸರಿಟ್ಟರೆ ಗೂಗಲ್ ಮೇಲೆತ್ತಿ ತೋರಿಸುತ್ತದೆ ಎಂಬ ನಂಬಿಕೆ ಜೋರಾಗಿತ್ತು. 2012ರಲ್ಲಿ, ಹೆಸರೊಂದರಿಂದಲೇ ಮುಂದೆ ಬಂದ ಕಳಪೆ ತಾಣಗಳನ್ನು ಗೂಗಲ್ ಹಿಂದಕ್ಕೆ ತಳ್ಳಿತು. ಹೈಫನ್ ಇದ್ದ ಮಾತ್ರಕ್ಕೆ ಅದು ಶಿಕ್ಷಿಸುವುದಿಲ್ಲ, ಆದರೆ ಆ ಬಗೆಯ ಹೆಸರುಗಳಿಗೆ ಅಂಟಿದ ಅನುಮಾನ ಜನರ ಮನಸ್ಸಿನಿಂದ ಹೋಗಿಲ್ಲ. ಒಳಪುಟಗಳ ವಿಳಾಸದಲ್ಲಿ, ಅಂದರೆ ಓರೆಗೆರೆಯ ಆಚೆ, ಪದಗಳ ನಡುವೆ ಹೈಫನ್ನೇ ಒಳ್ಳೆಯದೆಂದು ಗೂಗಲ್ ಸಲಹೆ ಕೊಡುತ್ತದೆ. ಅದನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲವಾದ್ದರಿಂದ ನನಗೂ ತಕರಾರಿಲ್ಲ.

ಹೆಸರಿನಲ್ಲೇ ಗೀಟು ಹೊತ್ತು ಹುಟ್ಟಿದವರ ಮಾತು ಬೇರೆ. ಕೋಕಾ-ಕೋಲಾ, ಮರ್ಸಿಡಿಸ್-ಬೆಂಜ್ ವಿಳಾಸದಲ್ಲೂ ಅದನ್ನು ಉಳಿಸಿಕೊಂಡಿವೆ. ಜರ್ಮನಿಯಲ್ಲಿ ಗೀಟಿನ ವಿಳಾಸಗಳು ಮಾಮೂಲು. ಅಲ್ಲಿನ ಜನಕ್ಕೆ ಟಿ-ಆನ್‌ಲೈನ್ ಎಂಬ ವಿಳಾಸ ಎಷ್ಟೋ ವರ್ಷಗಳಿಂದ ಬಾಯಿಪಾಠ. ನಮ್ಮ ಪ್ರಜಾವಾಣಿ, ಉದಯವಾಣಿ, ಕನ್ನಡಪ್ರಭ, ಯಾವುದರ ವಿಳಾಸದಲ್ಲೂ ಅದಿಲ್ಲ. ಪತ್ರಿಕೆಯ ತಲೆಬರಹದಲ್ಲಿ ಎರಡು ಪದವಾಗಿರುವ ವಿಜಯ ಕರ್ನಾಟಕವೂ ವಿಳಾಸದಲ್ಲಿ ಕೂಡಿಕೊಂಡೇ ಇದೆ. ಕನ್ನಡದ ಪದಗಳು ಬಹುಪಾಲು ಸ್ವರದಲ್ಲಿ ಮುಗಿಯುವುದರಿಂದ ಒಂದಕ್ಕೊಂದು ಕೂಡಿದಾಗ ಓದಿಗೆ ತೊಡಕಾಗುವುದು ಕಡಿಮೆ.

ಇದು ರೋಮನ್ ಅಕ್ಷರದ ಮಾತಾಯಿತು. ಕನ್ನಡ ಲಿಪಿಯಲ್ಲೇ ವಿಳಾಸ ಕೊಳ್ಳಬಹುದು, ಕೊನೆಯಲ್ಲಿ ಡಾಟ್ ಭಾರತ ಎಂದು ಕನ್ನಡದಲ್ಲೇ ಬರೆಯಬಹುದು ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ತಿಳಿದೇ ಇಲ್ಲ. ಇದು ನನಗೆ ನೋವಿನ ಸಂಗತಿ. ಆ ಹಳೆಯ ಅಕ್ಷರ, ಅಂಕಿ, ಹೈಫನ್ನಿನ ನಿಯಮ ಇನ್ನೂ ಬದುಕಿರುವುದರಿಂದ ಕನ್ನಡದ ಹೆಸರು ಯಂತ್ರದೊಳಗೆ ವೇಷ ಹಾಕಿಕೊಂಡೇ ಓಡಾಡಬೇಕು. 2003ರಲ್ಲಿ ಬಂದ ಪ್ಯೂನಿಕೋಡ್ ಎಂಬ ವಿಧಾನ ಅದನ್ನು ರೋಮನ್ ಅಕ್ಷರ, ಅಂಕಿಗಳ ಸಾಲಾಗಿ ಬದಲಿಸುತ್ತದೆ. ಆ ಸಾಲಿನ ಮೊದಲಲ್ಲಿ ಎಕ್ಸ್, ಎನ್ ಎಂಬ ಎರಡಕ್ಷರ, ಅದರ ಬೆನ್ನಿಗೆ ಎರಡು ಹೈಫನ್. ಇಲ್ಲಿ ಬೇರೆ ಭಾಷೆಯ ಹೆಸರಿದೆ ಎಂದು ಯಂತ್ರಕ್ಕೆ ಸುಳಿವು ಕೊಡುವುದು ಆ ಜೋಡಿಯೇ. 'ಭಾರತ' ಎಂಬ ನಮ್ಮ ಕೊನೆಯ ತುಂಡಿಗೂ ಅದು ಅಂಟಿಕೊಂಡಿದೆ. ಎಂಐಟಿಯಲ್ಲಿ ಕೆಲಸ ಕಳೆದುಕೊಂಡ ಚಿಹ್ನೆ ಕನ್ನಡವನ್ನು, ತಮಿಳನ್ನು, ಅರಬ್ಬಿಯನ್ನು ಜಾಲದೊಳಗೆ ಕರೆತರುತ್ತಿದೆ ಎಂದು ತಿಳಿದಾಗ ನನಗೆ ಅದರ ಮೇಲೆ ಹೊಸ ಗೌರವ ಹುಟ್ಟಿತು.

ಕನ್ನಡ ಲಿಪಿಯಲ್ಲಿ ಮಾತ್ರ ಅದರ ನೆರವು ನಿಜಕ್ಕೂ ಬೇಕಾಗುವ ಒಂದು ಸಂದರ್ಭವಿದೆ. ಮಲೆನಾಡಿನ ಉದ್ದಕ್ಕೂ ಕಾಣುವ 'ಹೋಮ್‌ಸ್ಟೇ' ಎಂಬ ಬೋರ್ಡನ್ನು ನೋಡಿ. ಮ್ ಮತ್ತು ಸ್ಟೇ ಬೇರೆ ಬೇರೆಯಾಗಿ ಕೂರಲು ಅಲ್ಲೊಂದು ಕಣ್ಣಿಗೆ ಕಾಣದ ಸಂಕೇತ ಹಾಕಬೇಕು. ಅದನ್ನು ಬಿಟ್ಟರೆ 'ಹೋಮ್ಸ್ಟೇ' ಎಂದು ಒತ್ತುಗಳು ಒಂದರಡಿ ಒಂದು ಜೋತುಬೀಳುತ್ತವೆ. ಕಣ್ಣಿಗೆ ಕಾಣದ್ದು ಮೋಸಕ್ಕೆ ದಾರಿ ಎಂಬ ಎಚ್ಚರದಿಂದ, ವಿಳಾಸಗಳ ತೀರ ಮೇಲಿನ ಹಂತದ ನಿಯಮಗಳು ಆ ಸಂಕೇತವನ್ನು ಹೊರಗಿಟ್ಟಿವೆ. ನಾವು ಕೊಳ್ಳುವ ಹೆಸರಿಗೂ ಆ ಎಚ್ಚರ ಒಳ್ಳೆಯದೇ. ಅಂಥ ಪದ ಬಂದ ಕಡೆ ನಾನೇ ಮುಂದಾಗಿ ಗೀಟು ಹಾಕಿಸುತ್ತೇನೆ, ಹೋಮ್-ಸ್ಟೇ ಎಂದು. ಘಾಟಿ ರಸ್ತೆಯ ಬೋರ್ಡಿನಲ್ಲಿ ಅದನ್ನು ಓದುವವರು ಕಣ್ಣಿನಿಂದ ಓದುತ್ತಾರೆ. ಕಿವಿಯಿಂದ ಬರುವವರಿಗಾಗಿ ರೋಮನ್ನಿನಲ್ಲಿ ಗೀಟಿಲ್ಲದ ಹೆಸರೊಂದನ್ನೂ ಕೊಂಡು ಅದೇ ಪುಟಕ್ಕೆ ತಿರುಗಿಸಿದರಾಯಿತು.