ಹನ್ನೆರಡು-ಹನ್ನೊಂದು

ಅನ್ನಪೂರ್ಣೇಶ್ವರಿ ನಗರದಲ್ಲಿ ರಗ್ಬಿ ನೋಡೋರು ಎಷ್ಟು ಜನ ಅಂತ ಯಾರಾದರೂ 2023ರಲ್ಲಿ ಕೇಳಿದ್ದರೆ ನಾನು ತಕ್ಷಣ ಹೇಳುತ್ತಿದ್ದೆ: ಇಬ್ಬರು. ನನಗೆ ಗೊತ್ತಿದ್ದದ್ದು ಅಷ್ಟೇ ಜನ. ಆ ಇಬ್ಬರೂ ಒಂದೇ ಮನೆಯ ಮೊದಲ ಮಹಡಿಯಲ್ಲಿ, ಒಂದೇ ಬಾತ್‌ರೂಮ್ ಹಂಚಿಕೊಂಡು ಇದ್ದರು. ಒಬ್ಬ ನಾನು, ನ್ಯೂಜಿಲೆಂಡ್ ಪಾರ್ಟಿ. ಇನ್ನೊಬ್ಬ ನನ್ನ ರೂಮ್‌ಮೇಟ್, ಸೌತ್ ಆಫ್ರಿಕಾ ಪಾರ್ಟಿ. ಅವನ ಊರು ಅರಸೀಕೆರೆ. ಕಾಲೇಜಿನಿಂದಲೂ ನಾವು ಅವನನ್ನು ಕರೆಯೋದು ಅರಸೀಕೆರೆ ಅಂತಲೇ. ಇಲ್ಲೂ ಹಾಗೇ ಬರೀತೀನಿ.

ಕ್ರಿಕೆಟ್ ಬಿಟ್ಟು ನಿಮಗ್ಯಾಕಪ್ಪ ರಗ್ಬಿ ಅಂತ ಕೇಳಬಹುದು. ಟೀಮನ್ನು ನಾವು ಆರಿಸಿಕೊಂಡಿದ್ದಲ್ಲ, ನಮ್ಮ ಶಿಫ್ಟ್ ಆರಿಸಿದ್ದು. ನನ್ನ ಕ್ಲೈಂಟ್ ಆಕ್ಲೆಂಡ್‌ನವರು. ಅಲ್ಲಿ ಬೆಳಿಗ್ಗೆ ಒಂಬತ್ತು ಅಂದರೆ ನಮಗೆ ಸೀಸನ್ ನೋಡಿಕೊಂಡು ನಡುರಾತ್ರಿ ಒಂದೂವರೆ ಅಥವಾ ಎರಡೂವರೆ. ಅರಸೀಕೆರೆಯ ಕ್ಲೈಂಟ್ ಜೋಹಾನ್ಸ್‌ಬರ್ಗ್‌ನವರು. ಅವರ ಒಂಬತ್ತು ಅಂದರೆ ನಮ್ಮ ಮಧ್ಯಾಹ್ನ ಹನ್ನೆರಡೂವರೆ. ಅವನು ಹನ್ನೊಂದಕ್ಕೆ ಮನೆ ಬಿಟ್ಟು ವೈಟ್‌ಫೀಲ್ಡ್‌ಗೆ ಹೋಗಿ ರಾತ್ರಿ ಹತ್ತೂವರೆಗೆ ವಾಪಸ್ ಬರ್ತಿದ್ದ. ನಾನು ಮನೆಯಿಂದಲೇ ನಡುರಾತ್ರಿ ಲಾಗಿನ್ ಆಗಿ, ಬೆಳಗಾದ ಮೇಲೆ ಮಲಗ್ತಿದ್ದೆ. ಒಂದೇ ಮನೆಯಲ್ಲಿದ್ದೂ ಇಬ್ಬರೂ ಎಚ್ಚರವಾಗಿ ಮುಖ ನೋಡುತ್ತಿದ್ದದ್ದು ದಿನಕ್ಕೆ ಮೂರು ಗಂಟೆ. ಆ ಮೂರು ಗಂಟೆಯಲ್ಲಿ ಮಾತಾಡೋಕೆ ಏನಾದರೂ ಬೇಕಲ್ಲ?

ನನ್ನ ಕ್ಲೈಂಟ್ ಕಾಲ್‌ಗಳು ಶುರುವಾಗುತ್ತಿದ್ದದ್ದೇ ರಗ್ಬಿಯಿಂದ. ಆಲ್ ಬ್ಲ್ಯಾಕ್ಸ್ ಗೆದ್ದ ವಾರ ಅವರ ಮ್ಯಾನೇಜರ್ ಮೆತ್ತಗಿರುತ್ತಿದ್ದರು. ಸೋತ ವಾರ ಬಂದ ಟಿಕೆಟ್ಟೆಲ್ಲ ಅರ್ಜೆಂಟ್. ಮಾತಿಗೆ ಆಗುತ್ತೆ ಅಂತ ನಾಲ್ಕು ಆಟಗಾರರ ಹೆಸರು ಬಾಯಿಪಾಠ ಮಾಡಿದೆ. ಆಮೇಲೆ ರೂಲ್ಸ್ ಓದಿದೆ. ಚೆಂಡನ್ನು ಕೈಯಲ್ಲಿ ಹಿಂದಕ್ಕೇ ಎಸೆಯಬೇಕು, ಆದರೆ ತಂಡ ಮುಂದಕ್ಕೇ ಹೋಗಬೇಕು. ಅರೆ, ಇದು ನಮ್ಮ ಪ್ರಾಜೆಕ್ಟ್ ಥರಾನೇ ಇದೆಯಲ್ಲ ಅನ್ನಿಸಿತು. ಅರಸೀಕೆರೆಗೂ ಅವನ ಕಡೆಯವರು ಹೀಗೇ ಹಿಡಿಸಿದ್ದರು. ಅವರ ರಾಷ್ಟ್ರಗೀತೆ ಒಂದೇ ಹಾಡಿನಲ್ಲಿ ಐದು ಭಾಷೆಯದು ಅಂತ ಗೊತ್ತಾದ ದಿನ ಅವನು ಪೂರ್ತಿ ಬಿದ್ದುಹೋದ. "ನಮ್ಮ ಆಟೋದವರ ಥರ ಗುರೂ" ಅಂದ.

ಹೀಗೆ ನಮ್ಮ ಜಗಳ ಶುರುವಾಯಿತು. ನಾನು ಅವನನ್ನು ಕೆಣಕಲು ಕ್ರಿಕೆಟ್ ತರುತ್ತಿದ್ದೆ. 1999ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಗೆಲ್ಲೋಕೆ ಒಂದು ರನ್ ಬೇಕಿದ್ದಾಗ ರನ್‌ಔಟ್ ಆಗಿ ಟೈ ಮಾಡಿಕೊಂಡವರು ನೀವು ಅನ್ನುತ್ತಿದ್ದೆ. ಅವನು 1995ರ ರಗ್ಬಿ ಫೈನಲ್ ತೆಗೀತಿದ್ದ. ಎಲ್ಲಿಸ್ ಪಾರ್ಕ್‌ನಲ್ಲಿ ಎಕ್ಸ್‌ಟ್ರಾ ಟೈಮ್‌ಗೆ ಹೋದ ಮ್ಯಾಚು, ಜೋಯಲ್ ಸ್ಟ್ರಾನ್‌ಸ್ಕಿಯ ಡ್ರಾಪ್ ಗೋಲ್, 15-12. ಇನ್ನೊಬ್ಬರ ಟೀಮನ್ನು ಬೈಯೋಕೆ ಅವರ ಚರಿತ್ರೆ ಓದಬೇಕು. ಹಾಗಾಗಿ ಸೌತ್ ಆಫ್ರಿಕಾ ಬಗ್ಗೆ ನನಗೆ ಗೊತ್ತಿರೋದೆಲ್ಲ ಅರಸೀಕೆರೆಯನ್ನು ಬೈಯೋಕೆ ಅಂತಲೇ ಕಲಿತದ್ದು. ವರ್ಣಭೇದದ ಕಾಲದಲ್ಲಿ ಸೌತ್ ಆಫ್ರಿಕಾಗೆ ಹೋಗುವ ನ್ಯೂಜಿಲೆಂಡ್ ತಂಡದಲ್ಲಿ ಮಾವೊರಿಗಳು ಇರಬಾರದಿತ್ತು ಅಂತ ನಾನು ಎತ್ತಿದೆ. ಅವನು ತಕ್ಷಣ, "1960ರಲ್ಲಿ ಸರಿ ಅಂತ ಮಾವೊರಿಗಳನ್ನ ಮನೇಲಿ ಬಿಟ್ಟು ಹೊರಟಿದ್ದು ಯಾರು ಮಗಾ? ನಿಮ್ಮೋರೇ ತಾನೇ?" ಅಂದ. ಅವತ್ತು ನನ್ನ ಬಾಯಿ ಬಂದ್. ಮಾರನೇ ರಾತ್ರಿ ನಾನು 1981 ಹುಡುಕಿಕೊಂಡು ಬಂದೆ. ಸ್ಪ್ರಿಂಗ್‌ಬಾಕ್ಸ್ ನ್ಯೂಜಿಲೆಂಡ್‌ಗೆ ಬಂದಾಗ ಅಲ್ಲಿನ ಜನವೇ ಹ್ಯಾಮಿಲ್ಟನ್‌ನಲ್ಲಿ ಮೈದಾನಕ್ಕೆ ನುಗ್ಗಿ ಪಂದ್ಯ ನಿಲ್ಲಿಸಿದ್ದರು. ಸ್ಕೋರ್ ಸಮ.

ಅರಸೀಕೆರೆ ವಿಜಯನಗರದಲ್ಲಿ ಒಂದು ಹಸಿರು ಟೀ-ಶರ್ಟ್ ಪ್ರಿಂಟ್ ಮಾಡಿಸಿದ, ಬೆನ್ನಿಗೆ 6 ನಂಬರ್. ಅವನು ಕೇಳಿದ್ದು ಬಾಟಲ್ ಹಸಿರು, ಬಂದಿದ್ದು ಗಿಳಿ ಹಸಿರು. ಅದನ್ನು ಹಾಕಿಕೊಂಡು ಕೆಳಗಿಳಿದಾಗ ಓನರ್ ಅಂಕಲ್, "ಏನಪ್ಪ, ರೈತಸಂಘ ಸೇರಿದ್ಯಾ?" ಅಂದರು. ಇದು ಸೌತ್ ಆಫ್ರಿಕಾ ರಗ್ಬಿ ಟೀಮ್ ಅಂಕಲ್ ಅಂದಾಗ ಅವರ ಮುಖ ಸ್ವಲ್ಪ ಗಂಟಾಯಿತು. "ನಮ್ಮ ಕಾಲದಲ್ಲಿ ಪಾಸ್‌ಪೋರ್ಟ್‌ನಲ್ಲೇ ಆ ದೇಶಕ್ಕೆ ಹೋಗೋ ಹಾಗಿಲ್ಲ ಅಂತ ಇರ್ತಿತ್ತು. 74ರಲ್ಲಿ ಡೇವಿಸ್ ಕಪ್ ಫೈನಲ್ಲಿಗೆ ಬಂದು ನಾವು ಆಡಲಿಲ್ಲ, ಗೊತ್ತಾ? ಕಪ್ಪು ಹೋದರೆ ಹೋಗಲಿ ಅಂತ ಬಿಟ್ವಿ." ಅರಸೀಕೆರೆ ಬೆನ್ನು ತಿರುಗಿಸಿ ನಂಬರ್ ತೋರಿಸಿದ. "95ರಲ್ಲಿ ಕಪ್ ಕೊಡೋಕೆ ಮಂಡೇಲಾ ಬಂದಿದ್ದು ಇದೇ ಜರ್ಸಿ ಹಾಕ್ಕೊಂಡು ಅಂಕಲ್, ಇದೇ 6. ಈಗಿನ ಕ್ಯಾಪ್ಟನ್ ಸಿಯಾ ಕೊಲಿಸಿದೂ ಅದೇ. ಆ ಟೀಮಿಗೆ ಮೊದಲನೇ ಕಪ್ಪು ಕ್ಯಾಪ್ಟನ್ ಅವನು." ಅಂಕಲ್ ಏನೂ ಅನ್ನಲಿಲ್ಲ. ಆಮೇಲೆ ಅವನು ಎದುರು ಸಿಕ್ಕಾಗಲೆಲ್ಲ "ಏನು ಮಂಡೇಲಾ, ಆಫೀಸಾ?" ಅಂತ ಕೇಳೋಕೆ ಶುರು ಮಾಡಿದರು.

2023ರ ಆಗಸ್ಟ್ 25. ವಿಶ್ವಕಪ್‌ಗೆ ಮುಂಚೆ ಲಂಡನ್ನಿನ ಟ್ವಿಕನ್‌ಹ್ಯಾಮ್‌ನಲ್ಲಿ ಒಂದು ಅಭ್ಯಾಸ ಪಂದ್ಯ. ಸೌತ್ ಆಫ್ರಿಕಾ 35, ನ್ಯೂಜಿಲೆಂಡ್ 7. ಆಲ್ ಬ್ಲ್ಯಾಕ್ಸ್ ಇತಿಹಾಸದಲ್ಲಿ ಅಲ್ಲಿಯವರೆಗಿನ ಅತಿ ದೊಡ್ಡ ಸೋಲು. ಬೆಳಿಗ್ಗೆ ಏಳೋ ಹೊತ್ತಿಗೆ ಫ್ರಿಜ್ ಮೇಲೆ ಸ್ಕೆಚ್ ಪೆನ್ನಲ್ಲಿ ಬರೆದ ಚೀಟಿ: 35-7. ನಾನು ಕಿತ್ತೆ. ಗೀಸರ್ ಸ್ವಿಚ್ ಹತ್ತಿರ ಇನ್ನೊಂದು. ಶೂ ಒಳಗೆ ಮತ್ತೊಂದು.

ಅದಾದ ಮೇಲೆ ಅರಸೀಕೆರೆ ಸ್ವಲ್ಪ ಬದಲಾದ ಅಂತ ಈಗ ಹೇಳಬಲ್ಲೆ. ಆಗ ಗಮನಿಸಲಿಲ್ಲ. ಹೊರಗೆ ತಿನ್ನೋದು ಕಡಿಮೆ ಮಾಡಿದ. ಶನಿವಾರ ಊರಿಗೆ ಹೋಗೋದು ನಿಲ್ಲಿಸಿದ. ರಗ್ಬಿ ಮಾತ್ರ ಜಾಸ್ತಿಯಾಯಿತು. ಹಳೇ ಪಂದ್ಯಗಳನ್ನೆಲ್ಲ ನೋಡುತ್ತಿದ್ದ. ವಿಶ್ವಕಪ್‌ನಲ್ಲಿ ಅವನ ಟೀಮು ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸನ್ನು 29-28ರಲ್ಲಿ ಸೋಲಿಸಿತು, ಸೆಮಿಯಲ್ಲಿ ಇಂಗ್ಲೆಂಡನ್ನು 16-15ರಲ್ಲಿ. ಎರಡೂ ಒಂದೇ ಪಾಯಿಂಟು. ನಾನು, "ಇದು ಗೆಲುವಲ್ಲ, ಚಿಲ್ಲರೆ ಉಳಿಸಿಕೊಳ್ಳೋದು" ಅಂದೆ. ಅವನು, "ತಿಂಗಳ ಕೊನೇಲಿ ಚಿಲ್ಲರೆ ಬೆಲೆ ಗೊತ್ತಾಗುತ್ತೆ" ಅಂದ. ಇಬ್ಬರೂ ನಕ್ಕೆವು.

ಫೈನಲ್ ಅಕ್ಟೋಬರ್ 28ಕ್ಕೆ, ಪ್ಯಾರಿಸ್‌ನಲ್ಲಿ. ನಮ್ಮ ಲೆಕ್ಕಕ್ಕೆ ಶನಿವಾರ ರಾತ್ರಿ ಕಳೆದು ಹನ್ನೆರಡೂವರೆ. ಆಲ್ ಬ್ಲ್ಯಾಕ್ಸ್ ಮತ್ತು ಸ್ಪ್ರಿಂಗ್‌ಬಾಕ್ಸ್. 1921ರಿಂದ ಜಗಳವಾಡುತ್ತಿರುವ ಎರಡು ಟೀಮು, ಇಬ್ಬರ ಹತ್ತಿರವೂ ಮೂರು ಮೂರು ವಿಶ್ವಕಪ್. ಗೆದ್ದವರಿಗೆ ನಾಲ್ಕನೆಯದು. ಅದೇ ದಿನ ಹಗಲು ಧರ್ಮಶಾಲಾದಲ್ಲಿ ಕ್ರಿಕೆಟ್ ವಿಶ್ವಕಪ್ ಪಂದ್ಯ. ಆಸ್ಟ್ರೇಲಿಯಾ ಹೊಡೆದ 388 ಬೆನ್ನಟ್ಟಿ ನ್ಯೂಜಿಲೆಂಡ್ 383ಕ್ಕೆ ನಿಂತಿತು. ಬೆಂಗಳೂರು ಮೂಲದ ಅಪ್ಪ-ಅಮ್ಮನ ಮಗ ರಚಿನ್ ರವೀಂದ್ರ 116 ಹೊಡೆದೂ ಐದು ರನ್ನಲ್ಲಿ ಸೋಲು. ಅರಸೀಕೆರೆ ಸೋಫಾ ಮೇಲಿಂದಲೇ, "ಒಂದಾಯ್ತು. ರಾತ್ರಿ ಇನ್ನೊಂದು" ಅಂದ.

ಮರೆತಿದ್ದೆ, ಅವತ್ತು ಸೀಗೆ ಹುಣ್ಣಿಮೆ. ಜೊತೆಗೆ ಚಂದ್ರಗ್ರಹಣ. ನಡುರಾತ್ರಿ ಕಳೆದು 1.05ಕ್ಕೆ ಹಿಡಿದು 2.24ರ ಸುಮಾರಿಗೆ ಬಿಡೋದು. ಅಂದರೆ ಮ್ಯಾಚಿನ ಮಧ್ಯೆ ಸರಿಯಾಗಿ. ಓನರ್ ಆಂಟಿ ಮಧ್ಯಾಹ್ನವೇ ಮೇಲೆ ಬಂದು, "ನಾಲ್ಕು ಗಂಟೆಯಿಂದ ವೇಧ ಕಣ್ರಪ್ಪ, ಗ್ರಹಣ ಬಿಡೋ ತನಕ ಒಲೆ ಹಚ್ಚಬೇಡಿ" ಅಂತ ಹೇಳಿ, ನಮ್ಮ ಹಾಲಿನ ಪಾತ್ರೆಗೂ ಒಂದು ಎಳೆ ದರ್ಭೆ ಹಾಕಿ ಹೋದರು. ನಾನು ಎಂಟು ಗಂಟೆಗೆ ನಾಗರಭಾವಿ ಕಡೆ ಹೋಗಿ ಗೋಬಿ ಮಂಚೂರಿ ತಿಂದು ಬರೋಣ ಅಂದೆ. ಗ್ರಹಣದ ದಿನ ಬೇಕಂತಲೇ ಮೊಟ್ಟೆ ಪಫ್ ತಿನ್ನೋ ಪಾರ್ಟಿ ಅರಸೀಕೆರೆ, ಬರಲ್ಲ ಅಂದ. "ಅಮ್ಮ ಫೋನ್ ಮಾಡಿದ್ರು. ಮೇಷ ರಾಶಿಲೇ ಅಂತೆ ಗ್ರಹಣ. ನಂದೂ ಅದೇ. ಒಂದಿನ ತಾನೇ, ಬಿಡು ಮಗಾ." ಎರಡು ದೇಶದ ಚರಿತ್ರೆ ಓದಿದ್ದ ನನಗೆ ಆ ಮಾತು ಅರ್ಥವಾಗಲಿಲ್ಲ. ಒಬ್ಬನೇ ಹೋಗಿ ತಿಂದು ಬಂದೆ.

ಪ್ಯಾರಿಸ್‌ನಲ್ಲಿ ಮಳೆ. ಲ್ಯಾಪ್‌ಟಾಪನ್ನು ಟೀವಿಗೆ ಸಿಕ್ಕಿಸಿ, ಸೌಂಡ್ ಕಡಿಮೆ ಇಟ್ಟು ಕೂತೆವು. ಹಾಕಾ ಆದಾಗ ನಾನು ವೀರಗಾಸೆಯವರ ಥರ ಎದೆ ಎತ್ತಿ ನಿಂತೆ. ಅವನು ನಗಲಿಲ್ಲ. ಹ್ಯಾಂಡ್ರೆ ಪೊಲಾರ್ಡ್ ಪೆನಾಲ್ಟಿ ಮೇಲೆ ಪೆನಾಲ್ಟಿ ಒದೆಯುತ್ತಿದ್ದ, ಒಂದಕ್ಕೆ ಮೂರು ಪಾಯಿಂಟು. ಹೆಚ್ಚುಕಡಿಮೆ ಗ್ರಹಣ ಹಿಡಿಯೋ ಹೊತ್ತಿಗೇ ನನ್ನ ಕ್ಯಾಪ್ಟನ್ ಸ್ಯಾಮ್ ಕೇನ್‌ಗೆ ಹಳದಿ ಕಾರ್ಡು. ಅದನ್ನು ಪರಿಶೀಲಿಸಿ ಕೆಂಪು ಮಾಡಿದರು. ಪುರುಷರ ವಿಶ್ವಕಪ್ ಫೈನಲ್‌ನಲ್ಲಿ ಮೊದಲ ಕೆಂಪು ಕಾರ್ಡ್ ಅದು. ಇನ್ನು ಐವತ್ತು ನಿಮಿಷ ಹದಿನಾಲ್ಕೇ ಜನ. ಅರಸೀಕೆರೆ ಸೋಫಾ ಮೇಲೆ ಹತ್ತಿ ಕುಣಿದ. ನನಗೆ ಉರಿಯಿತು.

"ಯಾಕೆ ಅಷ್ಟು ಹಾರಾಡ್ತೀಯ? ಗೆದ್ರೆ ನಿನ್ನ ಕ್ಲೈಂಟ್ ಬೋನಸ್ ಕೊಡ್ತಾರಾ?"

ಇಂಥ ನೂರು ಮಾತು ನಾವು ಆಡಿದ್ದೆವು. ಅವನು ಇಳಿದು ಕೂತ. "ಮ್ಯಾಚ್ ನೋಡು" ಅಂದ.

ಅರ್ಧ ಮುಗಿದಾಗ 12-6. ಆಮೇಲೆ ಸೌತ್ ಆಫ್ರಿಕಾ ಒಂದು ಪಾಯಿಂಟೂ ಗಳಿಸಲಿಲ್ಲ. ಹದಿನಾಲ್ಕು ಜನದ ನಮ್ಮ ಟೀಮೇ ಅವರನ್ನು ತಳ್ಳಿಕೊಂಡು ಹೋಯಿತು. ಬೋಡನ್ ಬ್ಯಾರೆಟ್ ಮೂಲೆಯಲ್ಲಿ ಟ್ರೈ ಹಾಕಿದ, ಐದು ಪಾಯಿಂಟು, 12-11. ಅದರ ಹಿಂದಿನ ಎರಡು ಪಾಯಿಂಟಿನ ಕಿಕ್ ತಪ್ಪಿತು. ಕೊನೆಗೆ ಅವರ ಚೆಸ್ಲಿನ್ ಕೋಲ್ಬೆಗೂ ಹಳದಿ ಕಾರ್ಡು. ಆಗ ಸಿಕ್ಕ ದೂರದ ಪೆನಾಲ್ಟಿಯನ್ನು ಜೋರ್ಡಿ ಬ್ಯಾರೆಟ್ ಒದ್ದ. ಹೊರಗೆ ಹೋಯಿತು. ಹೊರಗೆ ಕುರ್ಚಿಯಲ್ಲಿ ಕೂತ ಕೋಲ್ಬೆ ನೋಡಲಾರದೆ ಜರ್ಸಿಯನ್ನು ಮುಖದ ಮೇಲೆ ಎಳೆದುಕೊಂಡಿದ್ದ. ತಿರುಗಿ ನೋಡಿದರೆ ಸೋಫಾ ಮೇಲೆ ಅರಸೀಕೆರೆಯೂ ಹಾಗೇ. ಗಿಳಿ ಹಸಿರು ಬಟ್ಟೆ ಮುಖದ ಮೇಲೆ, ಹೊಟ್ಟೆ ಕಾಣಿಸ್ತಾ ಇದೆ. "ಮುಗೀತಾ? ಮುಗೀತಾ?" ಅಂತ ಒಳಗಿಂದ ಕೇಳ್ತಾ ಇದ್ದ.

ಮುಗಿಯಿತು. ಹನ್ನೆರಡು-ಹನ್ನೊಂದು. ಮೂರನೇ ಸಲ ಒಂದೇ ಪಾಯಿಂಟು.

ಅವನು ಕುಣಿಯಲಿಲ್ಲ. ಟೆರೇಸಿಗೆ ಹೋದ. ನಾನು ಸ್ವಲ್ಪ ಹೊತ್ತು ಬಿಟ್ಟು, ಸೋತ ಮುಖ ಸರಿಮಾಡಿಕೊಂಡು ಹಿಂದೆ ಹೋದೆ. ನೀರಿನ ಟ್ಯಾಂಕಿಗೆ ಒರಗಿ ನಿಂತಿದ್ದ. ಗ್ರಹಣ ಬಿಟ್ಟಿತ್ತು.

"ಕ್ಲೈಂಟ್ ಹೋಗಿ ಎರಡು ತಿಂಗಳಾಯ್ತು ಮಗಾ" ಅಂದ. "35-7 ಆಯ್ತಲ್ಲ, ಅದರ ಮುಂದಿನ ವಾರಾನೇ. ಬೆಂಚಲ್ಲಿಟ್ಟಿದ್ರು. 31ಕ್ಕೆ ಲಾಸ್ಟ್ ಡೇ."

ದಿನಾ ಹನ್ನೊಂದಕ್ಕೆ ಹೊರಡುತ್ತಿದ್ದನಲ್ಲ ಅಂದೆ. ಹೋಗಿ ಕೂತು ಬರ್ತಿದ್ದೆ ಅಂದ. ಅದೇ ತಿಂಗಳು 9ಕ್ಕೆ ನೇರಳೆ ಮಾರ್ಗ ಪೂರ್ತಿಯಾಗಿ ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ಒಂದೇ ರೈಲು ಬಂದಿತ್ತು. "ಮೆಟ್ರೋ ನೇರ ಆಯ್ತು, ಹೋಗೋಕೆ ಕೆಲಸ ಇಲ್ಲ" ಅಂತ ನಕ್ಕ.

ನನಗೆ ಬೋನಸ್ ಮಾತು ನೆನಪಾಗಿ ಹೊಟ್ಟೆಯೊಳಗೆ ಏನೋ ಆಯಿತು. ಸಾರಿ ಅಂತ ಶುರು ಮಾಡಿದೆ. ಅವನು ಕೈ ಎತ್ತಿದ. "ಅದಕ್ಕೇ ನಿಂಗೆ ಹೇಳಿರಲಿಲ್ಲ. ಮನೇಲಿ ಅಮ್ಮ, ಆಫೀಸಲ್ಲಿ ಎಚ್‌ಆರ್, ಎಲ್ಲರೂ ನನ್ನ ಹತ್ರ ಮೆತ್ತಗೆ ಮಾತಾಡ್ತಾರೆ. ಆಸ್ಪತ್ರೇಲಿ ಮಾತಾಡೋ ಥರ. ನೀನೊಬ್ಬ ಸರಿಯಾಗಿ ಬೈತಿದ್ದೆ. ನೀನೂ ಶುರು ಮಾಡಬೇಡ."

ನನಗೆ ಆ ಎರಡು ತಿಂಗಳು ಬೇರೆ ಥರ ಕಾಣಿಸಿತು. ನಾನು ಅವನ ಕಾಲೆಳೆದ ರಾತ್ರಿಗಳಲ್ಲಿ ಅವನು ಕೆಲಸ ಕಳಕೊಂಡವನಾಗಿರಲಿಲ್ಲ, ಎದುರು ಪಾರ್ಟಿಯವನಾಗಿದ್ದ, ಅಷ್ಟೇ. ಜೋಹಾನ್ಸ್‌ಬರ್ಗ್‌ನವರು ಅವನನ್ನು ಬಿಟ್ಟಿದ್ದರು. ಅವನು ಅವರ ಟೀಮನ್ನು ಬಿಟ್ಟಿರಲಿಲ್ಲ. ಶಿಫ್ಟ್ ಆರಿಸಿಕೊಟ್ಟ ಟೀಮು ಅಂತ ನಾನು ತಮಾಷೆ ಮಾಡುತ್ತಿದ್ದೆನಲ್ಲ, ಶಿಫ್ಟೇ ಇಲ್ಲದ ಮೇಲೆ ಅದು ಅವನದೇ.

ಈಗ ಏನು ಹೇಳಬೇಕು? ಮೆತ್ತಗಿನ ಮಾತು ಬಾಯಿ ತುದಿಯಲ್ಲಿತ್ತು. ನುಂಗಿದೆ.

"ನಾವು ಹದಿನಾಲ್ಕು ಜನ ಇಟ್ಕೊಂಡು ಆಡಿ ಒಂದು ಪಾಯಿಂಟಲ್ಲಿ ಸೋತ್ವಿ. ನೀವು ಸೆಕೆಂಡ್ ಹಾಫಲ್ಲಿ ಒಂದೇ ಒಂದು ಪಾಯಿಂಟ್ ಹೊಡೀಲಿಲ್ಲ. ಇದೂ ಒಂದು ಗೆಲುವಾ? ಥೂ" ಅಂದೆ.

ಅರಸೀಕೆರೆ ಜೋರಾಗಿ ನಕ್ಕ. ಕೆಳಗಿಂದ ಲೈಟ್ ಹತ್ತಿತು. ಆಂಟಿ ಇಡೀ ಗ್ರಹಣ ಜಪ ಮಾಡುತ್ತಾ ನಮ್ಮ ಕೂಗಾಟ ಕೇಳಿಸಿಕೊಂಡಿದ್ದರು ಅಂತ ಆಗ ಗೊತ್ತಾಯಿತು. "ಯಾರಪ್ಪ ಗೆದ್ದಿದ್ದು?" ಅಂತ ಕೇಳಿದರು. "ಇವನೇ ಆಂಟಿ" ಅಂದೆ. "ಸರಿ, ಇಬ್ರೂ ತಲೆಗೆ ನೀರು ಹಾಕ್ಕೊಂಡು ಬನ್ನಿ, ಉಪ್ಪಿಟ್ಟು ಮಾಡ್ತೀನಿ." ಬೆಳಗಿನ ಜಾವ ಮೂರೂವರೆಗೆ ಉಪ್ಪಿಟ್ಟು ತಿಂದೆವು. ಅವನು ಮೂರು ಸಲ ಹಾಕಿಸಿಕೊಂಡ.

ಆಮೇಲೆ ನಾಲ್ಕು ತಿಂಗಳು ಬಾಡಿಗೆ ನಾನೇ ಕಟ್ಟಿದೆ. ಅದರ ಮಾತು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ರಾತ್ರಿ ಹತ್ತೂವರೆಗೆ ಜಗಳ ಮಾತ್ರ ತಪ್ಪಲಿಲ್ಲ. 2024ರ ಮಾರ್ಚಲ್ಲಿ ಹೈದರಾಬಾದ್‌ನಲ್ಲಿ ಕೆಲಸ ಸಿಕ್ಕಿ ಹೋದ. ಮೊದಲ ಸಂಬಳದ ದಿನ ನನ್ನ ಖಾತೆಗೆ ಅವನ ಪಾಲು ಪೂರ್ತಿ ಬಂತು. ಯುಪಿಐನಲ್ಲಿ ಕಾರಣ ಬರೆಯೋ ಜಾಗದಲ್ಲಿ "12-11" ಅಂತಿತ್ತು.

ಈಗ ಅವನ ಕ್ಲೈಂಟೂ ಅಮೆರಿಕದವರು, ನನ್ನ ಕ್ಲೈಂಟೂ ಅಮೆರಿಕದವರು. ಇಬ್ಬರ ಆಫೀಸಲ್ಲೂ ರಗ್ಬಿ ಗೊತ್ತಿರೋರು ಯಾರೂ ಇಲ್ಲ. 2025ರ ಸೆಪ್ಟೆಂಬರ್ 6ಕ್ಕೆ ಆಕ್ಲೆಂಡ್‌ನ ಈಡನ್ ಪಾರ್ಕಲ್ಲಿ ನಾವು ಗೆದ್ದೆವು. 1994ರಿಂದ ಆ ಮೈದಾನದಲ್ಲಿ ಆಲ್ ಬ್ಲ್ಯಾಕ್ಸ್ ಸೋತಿಲ್ಲ. "24-17" ಅಂತ ಕಳಿಸಿದೆ. ಅವನಿಂದ ಒಂದು ಹೆಬ್ಬೆರಳು ಬಂತು. ಮುಂದಿನ ಶನಿವಾರ ವೆಲ್ಲಿಂಗ್ಟನ್‌ನಲ್ಲಿ 43-10. ಆ 35-7ನ್ನೂ ಮೀರಿಸಿದ ಸೋಲು. ಮಧ್ಯಾಹ್ನ ಎರಡೂವರೆಗೆ ಮೆಸೇಜ್ ಬಂತು. ಎರಡೇ ಅಂಕಿ: 43.

ಸ್ವಲ್ಪ ಹೊತ್ತು ಯೋಚಿಸಿ ಟೈಪ್ ಮಾಡಿದೆ: "ನಿನ್ನ ಕ್ಲೈಂಟ್ ಬೋನಸ್ ಕೊಟ್ರಾ?"

ನೀಲಿ ಟಿಕ್ ಬಿತ್ತು. ಕೂಡಲೇ ಫೋನ್ ರಿಂಗ್ ಆಯಿತು. ಎತ್ತುವ ಮೊದಲೇ ಗೊತ್ತಿತ್ತು, ಇನ್ನು ಅರ್ಧ ಗಂಟೆ ಬೈಸಿಕೊಳ್ಳಬೇಕು ಅಂತ.