ಅಜ್ಜನ ಕೋವಿಗೆ ತೆಂಗಿನೆಣ್ಣೆ

ಕೊಡಗಿನಲ್ಲಿ ಏರ್‌ಗನ್ ಇಟ್ಟುಕೊಳ್ಳುವುದಕ್ಕೆ ಸ್ವಲ್ಪ ಭಂಡತನ ಬೇಕು. ಮಗು ಹುಟ್ಟಿದರೂ ಮನುಷ್ಯ ಸತ್ತರೂ ಕೋವಿ ಸಿಡಿಸುವ ಸೀಮೆ ಇದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದಲೇ ವಿನಾಯಿತಿ. ಕೈಲ್ ಮುಹೂರ್ತದ ದಿನ ನನ್ನದನ್ನೂ ದೊಡ್ಡಪ್ಪನ ಜೋಡುನಳಿಗೆಯ ಪಕ್ಕ ಪೂಜೆಗಿಟ್ಟೆ. ದೊಡ್ಡಪ್ಪ ಅದಕ್ಕೂ ಒಂದು ತೋಕ್‌ಪೂ ಹೂವು ಸಿಕ್ಕಿಸಿ, "ಪಾಪ, ಮಕ್ಕಳದ್ದೂ ಇರಲಿ" ಅಂದರು.

ಕೋವಿ ಅಜ್ಜನದು. ನಳಿಗೆ ಮಡಚಿದರೆ ಒಳಗಿನ ಸ್ಪ್ರಿಂಗು ಅದುಮಿ ಕೂರುತ್ತದೆ. ಟ್ರಿಗರ್ ಎಳೆದರೆ ಪಿಸ್ಟನ್ ಮುಂದಕ್ಕೆ ನುಗ್ಗಿ, ಅದು ಒತ್ತಿದ ಗಾಳಿ 4.5 ಮಿ.ಮೀ. ಸೀಸದ ಚರೆಯನ್ನು ದೂಡುತ್ತದೆ. ಅಷ್ಟಮಿಗೆ ಬಿದಿರ ಪೆಟ್ಲ ಸಿಡಿಸಿದವರಿಗೆಲ್ಲ ಗೊತ್ತಿರುವ ವಿದ್ಯೆಯೇ. ಅಜ್ಜ ಇದಕ್ಕೆ ಮಾಡುತ್ತಿದ್ದ ಆರೈಕೆ ಒಂದೇ: ತಲೆಗೆ ಹಚ್ಚಿ ಉಳಿದ ತೆಂಗಿನೆಣ್ಣೆಯನ್ನು ಗಾಳಿಯ ತೂತಿಗೆ ಹೊಯ್ಯುವುದು. ಹೊಡೆದರೆ ಢಂ ಎಂಬ ಸದ್ದು, ನೀಲಿ ಹೊಗೆ. ಚರೆ ಎಲ್ಲಿ ಹೋಯಿತೆಂದು ಯಾರೂ ಕೇಳುತ್ತಿರಲಿಲ್ಲ. 1834ರಲ್ಲಿ ಇಂಗ್ಲಿಷರು ಅಮರ ಸುಳ್ಯವನ್ನು ಕೊಡಗಿನಿಂದ ಕಿತ್ತು ಕೆನರಾಕ್ಕೆ ಸೇರಿಸಿದ ಮೇಲೆ ನಮ್ಮ ಸಂಪಾಜೆ ಗಡಿಯ ಊರಾಯಿತಷ್ಟೆ. ಅಜ್ಜನ ಒಂದು ಈಡಿಗೆ ತೋಟದ ಮಂಗಗಳು ಜಿಲ್ಲೆಯನ್ನೇ ದಾಟಿ ಕಲ್ಲುಗುಂಡಿ ಸೇರುತ್ತಿದ್ದವು.

ಅಜ್ಜ ಹೋದ ಮೇಲೆ ಅಟ್ಟ ಸೇರಿದ್ದ ಕೋವಿಯನ್ನು ಬಿಚ್ಚಿದಾಗ ಪಿಸ್ಟನ್ನಿನ ತುದಿಯ ತೊಗಲ ವಾಷರ್ ಕರಟಿ ಹೋಗಿತ್ತು. ಒತ್ತಡಕ್ಕೆ ಕಾದ ಗಾಳಿ ಎಣ್ಣೆಗೆ ಕಿಚ್ಚಿಡುತ್ತದೆ. ಡೀಸೆಲ್ ಎಂಜಿನ್ ಓಡುವುದೂ ಇದೇ ತತ್ವದಿಂದ. ಅಜ್ಜ ಅದನ್ನು ಕ್ಷೌರದ ಕನ್ನಡಿಯ ಪಕ್ಕದ ಬಾಟಲಿಯಿಂದ ಸಾಧಿಸಿದ್ದರು.

ಕೋವಿ ಬಿಚ್ಚಿದವರಿಗೆ ಮೊದಲು ಹುಟ್ಟುವ ಆಸೆ ಗಟ್ಟಿ ಸ್ಪ್ರಿಂಗಿನದು. 2016ರ ಶಸ್ತ್ರಾಸ್ತ್ರ ನಿಯಮಗಳು ಗಾಳಿಕೋವಿಗೆ 20 ಜೂಲಿನ ಗೆರೆ ಎಳೆದಿವೆ, ದಾಟಿದರೆ ಪರವಾನಗಿ ಬೇಕು. ಕಾನೂನು ಬಿಟ್ಟರೂ, ಗಟ್ಟಿ ಸ್ಪ್ರಿಂಗಿನಿಂದ ಗುರಿ ಕೆಡುವುದೇ ಹೆಚ್ಚು. ಪಿಸ್ಟನ್ ಚಿಮ್ಮುವಾಗ ಕೋವಿ ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ನಿಂತಾಗ ಮುಂದಕ್ಕೆ ಮುಗ್ಗರಿಸುತ್ತದೆ. ಈ ಗಲಾಟೆಯೆಲ್ಲ ಚರೆ ನಳಿಗೆ ಬಿಡುವ ಮೊದಲೇ. ಹಾಗಾಗಿ ಕೆಲಸವಿರುವುದು ಶಕ್ತಿ ಏರಿಸುವುದರಲ್ಲಲ್ಲ, ಸಿಟ್ಟು ಇಳಿಸುವುದರಲ್ಲಿ.

ಸುಳ್ಯದಲ್ಲಿ ಲೇತ್ ಇಟ್ಟುಕೊಂಡ ಮೇಸ್ತ್ರಿಯೊಬ್ಬರಿದ್ದರು. ಯಾತಕ್ಕೆ ಎಂದು ಕೇಳುವ ಜಾತಿಯಲ್ಲ, ಎಷ್ಟು ಬಿಗಿ ಎಂದಷ್ಟೇ ಕೇಳುವವರು. ಸ್ಪ್ರಿಂಗಿನೊಳಗೆ ಕೂದಲೂ ನುಸುಳದಂತೆ ಕೂರುವ ನೈಲಾನ್ ಗೈಡ್ ಕಡೆದುಕೊಟ್ಟರು. ಸಂತೆಯ ಚಮ್ಮಾರರು ದಪ್ಪ ತೊಗಲಲ್ಲಿ ವಾಷರ್ ಕತ್ತರಿಸಿದರು. ಸ್ಪ್ರಿಂಗಿಗೆ ಮಂದ ಗ್ರೀಸ್ ಬಳಿದ ಮೇಲೆ ಅದರ ಝಣಝಣವೂ ನಿಂತಿತು. ಮೇಸ್ತ್ರಿ ಆಮೇಲೆ ಲೇತನ್ನು ಗುಜರಿಗೆ ಕೊಟ್ಟು ಮಗನ ಜೊತೆ ಬೆಂಗಳೂರಿಗೆ ಹೋದರು. ಫೋನ್ ಮಾಡಿದರೆ ಆರೋಗ್ಯದ ಮಾತಿಗೂ ಮೊದಲು ಕೇಳುತ್ತಾರೆ: "ಗೈಡ್ ಸಡಿಲ ಆಯ್ತಾ?"

ಆಗಿಲ್ಲ. ಅಡಿಕೆ ಹಾಳೆಯ ಮೇಲೆ ಮಸಿಯಲ್ಲಿ ಬರೆದ ವೃತ್ತಕ್ಕೆ 10 ಮೀಟರಿನಿಂದ ಹೊಡೆದರೆ ಚರೆಗಳೆಲ್ಲ ಒಂದು ರೂಪಾಯಿಯ ಅಗಲದೊಳಗೆ. 2008ರ ಆಗಸ್ಟ್ 11ರಂದು ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ ಇದೇ ದೂರದಿಂದ, ಇದೇ ಗಾತ್ರದ ಚರೆಯಿಂದ. ಅಲ್ಲಿ ಹತ್ತು ಅಂಕದ ಚುಕ್ಕೆ ಬರೇ ಅರ್ಧ ಮಿಲಿಮೀಟರ್. ಇದನ್ನೆಲ್ಲ ಮಂಗಗಳಿಗೆ ವಿವರಿಸುವುದು ಕಷ್ಟ. ಅವುಗಳ ಮೇಲೆ ಗುರಿಯಿಡುವುದು ಕಾನೂನಿಗೂ ಆಗದು, ಮನೆಯವಳಿಗೂ ಆಗದು. ಅವು ಹೆದರಬೇಕಾದದ್ದು ಸದ್ದಿಗೆ, ಆ ಸದ್ದನ್ನೇ ನಾನು ಒಂದೊಂದಾಗಿ ಕಿತ್ತು ಹಾಕಿದ್ದೇನೆ. ಈಗ ಅವು ತೆಂಗಿನ ಮರದಲ್ಲಿ ಕೂತು, ಬೊಂಡ ತೂತು ಮಾಡುತ್ತ, ನನ್ನ ಅಭ್ಯಾಸ ನೋಡುತ್ತವೆ.

ಪಕ್ಕದ ತೋಟದ ಭಾವ ಪಿವಿಸಿ ಪೈಪಿನ ಕಾರ್ಬೈಡ್ ಕೋವಿ ತಂದಿದ್ದಾರೆ. ಅವರಲ್ಲಿಂದ ಓಡಿಬಂದ ಮಂಗಗಳಿಗೂ ನಮ್ಮಲ್ಲೇ ಆಶ್ರಯ. ಮೊನ್ನೆ ಬೇಲಿಯಾಚೆಯಿಂದ ಕೇಳಿದರು, "ಎಂತ ಭಾವ, ಅದು ಹೊಡೆದದ್ದಾ, ಕೆಮ್ಮಿದ್ದಾ?"

"ಅಜ್ಜನ ಹಾಗೆ ಒಂದು ಚಮಚ ತೆಂಗಿನೆಣ್ಣೆ ಹೊಯ್ಯಿ ಮಾರಾಯ್ರೆ" ಎಂದು ಮನೆಯವಳೂ ಹೇಳಿದಳು. ಹೊಯ್ಯಬಹುದು. ಸದ್ಯಕ್ಕೆ ಟ್ರಿಗರ್ ಬಿಚ್ಚಿಟ್ಟಿದ್ದೇನೆ. ಎಳೆತ ಇನ್ನೂ ಒಂಚೂರು ಗಡುಸು.